ಗುಲಾಶ್ ಕೆಡುವುದು ಮೊದಲ ಗಂಟೆಯಲ್ಲಿ

ಮನೆಯಲ್ಲಿ ಮೊದಲ ಸಲ ಹಂಗೆರಿಯ ಗುಲಾಶ್ ಸೂಪ್ ಮಾಡುವವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಪಾತ್ರೆ ಒಲೆ ಮೇಲಿಟ್ಟು ಮುಕ್ಕಾಲು ಗಂಟೆ ಆಗಿರುತ್ತದೆ. ಬೆಂದಿದೆಯಾ ನೋಡೋಣ ಅಂತ ಒಂದು ತುಂಡು ಬಾಯಿಗೆ ಹಾಕಿಕೊಂಡರೆ, ಅಗಿದಷ್ಟೂ ಜಗ್ಗುತ್ತದೆ. ಹಾಕಿದಾಗ ಇದ್ದುದಕ್ಕಿಂತ ಗಟ್ಟಿ! "ಬಲಿತ ಮಾಂಸ ಕೊಟ್ಟು ಮೋಸ ಮಾಡಿದ" ಅಂತ ಅಂಗಡಿಯವನನ್ನು ಬೈದು ಉರಿ ಜೋರು ಮಾಡುತ್ತಾರೆ. ಅಲ್ಲಿಗೆ ಅಡುಗೆ ಕೆಟ್ಟಿತು.

ಅಂಗಡಿಯವನ ತಪ್ಪೇನೂ ಇಲ್ಲ. ಆ ಹೊತ್ತಿಗೆ ಮಾಂಸ ಗಟ್ಟಿಯಾಗೇ ಇರಬೇಕು. ಯಾಕೆ ಅನ್ನುವುದು ಅಡುಗೆಮನೆಯ ವಿಜ್ಞಾನದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಡುವ ವಿಷಯ.

ಗುಲಾಶ್ ದನ ಕಾಯುವವರ ಅಡುಗೆ. ಹಂಗೆರಿಯ ಪೂರ್ವದ ದೊಡ್ಡ ಬಯಲಿನಲ್ಲಿ ಮಂದೆಯ ಜೊತೆ ದಿನಗಟ್ಟಲೆ ಇರುತ್ತಿದ್ದವರು ಬೊಗ್ರಾಚ್ ಎಂಬ ಕಡಾಯಿಯನ್ನು ಬೆಂಕಿಯ ಮೇಲೆ ತೂಗುಹಾಕಿ ಬೇಯಿಸುತ್ತಿದ್ದರು. ಅಲ್ಲಿಯವರಿಗೆ ಗುಲಾಶ್ ಅಂದರೆ ಸೂಪೇ. ಬೇರೆ ದೇಶದ ಹೋಟೆಲುಗಳಲ್ಲಿ ಆ ಹೆಸರಲ್ಲಿ ಬಡಿಸುವ ಗಟ್ಟಿ ಪದಾರ್ಥಕ್ಕೆ ಅವರು ಪೊರ್ಕೊಲ್ಟ್ ಅನ್ನುತ್ತಾರೆ. ದನದ ಕಾಲಿನ ಮಾಂಸ ಹಾಕುವುದು ರೂಢಿ. ಆದರೆ ಕುರಿಯೇನೂ ಅವರಿಗೆ ಹೊಸದಲ್ಲ. ಕರ್ತ್ಸಾಗ್ ಎಂಬ ಊರಿನ ಕುರಿ ಪೊರ್ಕೊಲ್ಟ್ ದೇಶಕ್ಕೆಲ್ಲ ಹೆಸರುವಾಸಿ. ಹಾಗಾಗಿ ಮಟನ್ ಹಾಕಿ ಮಾಡಿದರೆ ಅಪಚಾರವೇನಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಅಂಗಡಿಯಲ್ಲಿ "ಮೆತ್ತಗಿರೋ ಪೀಸ್ ಕೊಡಿ" ಅನ್ನಬೇಡಿ. ಮುಂಗಾಲು, ಭುಜ, ಹೀಗೆ ಬಿಳಿ ನಾರು ಜಾಸ್ತಿ ಇರುವ ಕಡೆಯದನ್ನೇ ಕೇಳಿ.

ಆ ಬಿಳಿ ನಾರು ಕೊಲಾಜೆನ್. ಮೂರು ಪ್ರೋಟೀನ್ ಎಳೆಗಳನ್ನು ಹಗ್ಗದ ಹಾಗೆ ಹುರಿ ಹಾಕಿದ ರಚನೆ ಅದು. ಓಡಾಡಿ ದುಡಿದ ಸ್ನಾಯುವಿನಲ್ಲಿ ಜಾಸ್ತಿ ಇರುತ್ತದೆ. ಪ್ರಾಣಿಗೆ ವಯಸ್ಸಾದಂತೆ ಹುರಿಗಳ ನಡುವೆ ಅಡ್ಡ ಬೆಸುಗೆಗಳೂ ಬೀಳುತ್ತವೆ. ಬಲಿತ ಮಾಂಸ ತಡವಾಗಿ ಬೇಯುವುದು ಅದಕ್ಕೇ.

ಈಗ ಪಾತ್ರೆಯೊಳಗೆ ಬನ್ನಿ. ತುಂಡಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕೊಲಾಜೆನ್ ಕರಗುವುದಿಲ್ಲ, ಕುಗ್ಗುತ್ತದೆ! ಕುಗ್ಗುತ್ತಾ ತಾನು ಸುತ್ತಿಕೊಂಡಿರುವ ಸ್ನಾಯುವಿನ ಎಳೆಗಳನ್ನು ಹಿಂಡುತ್ತದೆ. ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುವುದು. ಆ ನೀರು ಹೊರಗೆ ಬರುತ್ತದೆ. ಸುತ್ತ ಎಷ್ಟೇ ಸೂಪಿದ್ದರೂ ಒಳಗೆ ತುಂಡು ಒಣಗುತ್ತಿರುತ್ತದೆ. ನೀವು ಒಂದನೇ ಗಂಟೆಯಲ್ಲಿ ತೆಗೆದು ಅಗಿದದ್ದು ಈ ತುಂಡನ್ನೇ.

ಆಮೇಲೆ, 70 ಡಿಗ್ರಿಯ ಆಚೆ, ನಿಧಾನವಾಗಿ ಇನ್ನೊಂದು ಕೆಲಸ ಶುರುವಾಗುತ್ತದೆ. ಹುರಿ ಬಿಚ್ಚುತ್ತದೆ. ಮೂರು ಎಳೆಗಳೂ ಬೇರೆಯಾಗಿ ನೀರಲ್ಲಿ ಕರಗುತ್ತವೆ. ಇದೇ ಜೆಲಾಟಿನ್. ಇದಕ್ಕೆ ನಿಮಿಷಗಳು ಸಾಲದು, ಎರಡು ಮೂರು ಗಂಟೆ ಬೇಕು. ಸ್ನಾಯುವಿನ ಎಳೆಗಳನ್ನು ಕಟ್ಟಿಹಾಕಿದ್ದ ನಾರೇ ಹೋದ ಮೇಲೆ ತುಂಡು ಚಮಚ ತಾಗಿದರೆ ಬಿಡಿಸಿಕೊಳ್ಳುತ್ತದೆ. ಕಳೆದುಹೋದ ರಸ ವಾಪಸ್ ಬರುವುದಿಲ್ಲ. ಅದರ ಜಾಗದಲ್ಲಿ ಜೆಲಾಟಿನ್ ಸ್ನಾಯುವಿನ ಎಳೆಗಳಿಗೆ ಮೆತ್ತಿಕೊಂಡು ನಾಲಿಗೆಗೆ ರಸಭರಿತ ಅನ್ನಿಸುತ್ತದೆ. ಕಾಲ್ ಸೂಪ್ ಕುಡಿದಾಗ ತುಟಿ ಅಂಟಂಟು ಆಗುತ್ತದಲ್ವಾ, ಅದೂ ಜೆಲಾಟಿನ್ನೇ. ಗುಲಾಶ್‌ಗೆ ಮೈದಾ ಕದಡುವ ಅಗತ್ಯವೇ ಇಲ್ಲ. ಕರಗಿದ ಈರುಳ್ಳಿ ಮತ್ತು ಜೆಲಾಟಿನ್ ಸೇರಿದರೆ ಬೇಕಾದಷ್ಟು ಮಂದ ಬರುತ್ತದೆ.

ಉರಿ ಜೋರು ಮಾಡಿದರೆ ಬೇಗ ಆಗಲ್ವಾ? ಆಗಲ್ಲ. ತೆರೆದ ಪಾತ್ರೆಯಲ್ಲಿ ನೀರು ಕುದಿಯುವ ಬಿಸಿಗಿಂತ ಮೇಲೆ ಹೋಗುವುದಿಲ್ಲ. ಸಮುದ್ರ ಮಟ್ಟದಲ್ಲಿ 100 ಡಿಗ್ರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸು. ಉರಿ ಎಷ್ಟೇ ಏರಿಸಿದರೂ ಆವಿ ಜಾಸ್ತಿಯಾಗುತ್ತದೆಯೇ ಹೊರತು ಬಿಸಿ ಜಾಸ್ತಿಯಾಗುವುದಿಲ್ಲ. ಕೊತಕೊತ ಕುದಿತಕ್ಕೆ ತುಂಡಿನ ಹೊರಭಾಗ ಉದುರಿ, ಒಳಗಿನ ನಾರು ಹಾಗೇ ಉಳಿಯುತ್ತದೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವ ಉರಿ ಸಾಕು. ಅವಸರ ಇದ್ದರೆ ಕುಕ್ಕರ್ ಇಡಿ. ಒತ್ತಡದಲ್ಲಿ ನೀರು 120 ಡಿಗ್ರಿ ಹತ್ತಿರ ಹೋಗುತ್ತದೆ, ನಾರು ಬೇಗ ಕರಗುತ್ತದೆ. ಫ್ರಾನ್ಸಿನ ಡೆನಿ ಪಾಪಾಂ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಇಂಥದ್ದೇ ಬಿಗಿಮುಚ್ಚಳದ ಪಾತ್ರೆ ತೋರಿಸಿ, ಗಟ್ಟಿ ಮೂಳೆಯನ್ನೂ ಮೆತ್ತಗೆ ಮಾಡಿದ್ದ. ಆದರೆ ಆ ಬಿಸಿಗೆ ಸ್ನಾಯುವಿನ ಎಳೆಗಳು ಇನ್ನೂ ಜಾಸ್ತಿ ಒಣಗುತ್ತವೆ. ನನ್ನ ಮತ ದಪ್ಪ ತಳದ ಪಾತ್ರೆಗೇ.

ಇನ್ನೊಂದು ತಪ್ಪು ನಂಬಿಕೆ ಕೇಳಿದರೆ ನನಗೆ ಸುಮ್ನೆ ಇರಲಾಗುವುದಿಲ್ಲ. ಮಾಂಸವನ್ನು ಮೊದಲು ಜೋರು ಉರಿಯಲ್ಲಿ ಹುರಿದರೆ ರಸ ಒಳಗೇ ಸೀಲ್ ಆಗುತ್ತದಂತೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜರ್ಮನಿಯ ದೊಡ್ಡ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಹೇಳಿದ ಮಾತಿದು. ದೊಡ್ಡವರು ಹೇಳಿದ್ದು ಅಂತ ಅಡುಗೆಯವರು ಇವತ್ತಿಗೂ ನಂಬುತ್ತಾರೆ. ಬಾಣಲೆಗೆ ಕಿವಿ ಕೊಡಿ. ಚುಂಯ್ ಅನ್ನುವ ಸದ್ದು ನಿಲ್ಲುವುದೇ ಇಲ್ಲ. ಅದು ಮಾಂಸದಿಂದ ಹೊರಬಂದ ನೀರು ಆವಿಯಾಗುವ ಸದ್ದು. ಸೀಲ್ ಆಗಿದ್ದರೆ ಸದ್ದು ಎಲ್ಲಿಂದ ಬರಬೇಕು? ಹುರಿದರೆ ಘಮ ಬರುವುದು ನಿಜ. ಅದು ಸಕ್ಕರೆ ಮತ್ತು ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳು ಸೇರಿ ನಡೆಸುವ ಕ್ರಿಯೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮಯಾರ್ 1912ರಲ್ಲಿ ಅದನ್ನು ವಿವರಿಸಿದ. ರಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಗುಲಾಶ್‌ನ ಕೆಂಪಿನ ವಿಷಯ. ಅದು ಬರುವುದು ಪ್ಯಾಪ್ರಿಕಾ ಎಂಬ ಹಂಗೆರಿಯ ಕೆಂಪು ಮೆಣಸಿನಕಾಯಿಯ ಪುಡಿಯಿಂದ. ಪ್ಯಾಪ್ರಿಕಾದ ಮುಖ್ಯ ಬಣ್ಣ ಕ್ಯಾಪ್ಸಾಂಥಿನ್. ಅದು ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಅದಕ್ಕೇ ಪುಡಿಯನ್ನು ಸೂಪಿಗೆ ಉದುರಿಸದೆ ಕೊಬ್ಬಿಗೆ ಹಾಕುತ್ತಾರೆ. ಆದರೆ ಪುಡಿಯಲ್ಲಿ ಸಕ್ಕರೆ ಅಂಶ ಇದೆ, ಕೆಲವೇ ಸೆಕೆಂಡಿನಲ್ಲಿ ಸೀದು ಕಹಿಯಾಗುತ್ತದೆ. ಕೊಬ್ಬಿನಲ್ಲಿ ಈರುಳ್ಳಿ ಮೆತ್ತಗಾದ ಮೇಲೆ ಪಾತ್ರೆಯನ್ನು ಒಲೆಯಿಂದ ಇಳಿಸಿ, ಎರಡು ದೊಡ್ಡ ಚಮಚ ಪುಡಿ ಹಾಕಿ ಒಂದು ಸುತ್ತು ಕಲಸಿ, ತಕ್ಷಣ ಮಾಂಸ ಮತ್ತು ಸ್ವಲ್ಪ ನೀರು ಹಾಕಬೇಕು. ಹಂಗೆರಿಯ ಪ್ಯಾಪ್ರಿಕಾ ಸಿಗದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ. ಎರಡೂ ಒಂದೇ ಜಾತಿಯ ಗಿಡದವು, ಎರಡೂ ಹೆಸರು ಮಾಡಿರುವುದು ಖಾರಕ್ಕಿಂತ ಬಣ್ಣಕ್ಕೆ. ಖಾರ ಬೇಡದವರು ಬೀಜ ಉದುರಿಸಿದರೆ ಸಾಲದು. ಖಾರ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಭಾಗದಲ್ಲಿ. ಹಂಗೆರಿಯ ಸೆಗೆಡ್ ಊರಿನವರು ಹತ್ತೊಂಬತ್ತನೇ ಶತಮಾನದಲ್ಲೇ ಅದನ್ನು ಬಿಡಿಸಿ ತೆಗೆದು ಸಪ್ಪೆ ಪ್ಯಾಪ್ರಿಕಾ ಮಾಡಿದರು.

ಇದೇ ಸೆಗೆಡ್‌ನಲ್ಲಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಎಂಬ ವಿಜ್ಞಾನಿ ಪಾಠ ಹೇಳುತ್ತಿದ್ದರು. ಅವರ ಕೈಗೆ ಒಂದು ಆಮ್ಲ ಸಿಕ್ಕಿತ್ತು. ಅದೇ ವಿಟಮಿನ್ ಸಿ ಅನ್ನುವುದೂ ಗೊತ್ತಾಗಿತ್ತು. ಆದರೆ ಪರೀಕ್ಷೆಗೆ ಸಾಕಾಗುವಷ್ಟು ಇರಲಿಲ್ಲ. ಒಂದು ರಾತ್ರಿ ಹೆಂಡತಿ ಊಟಕ್ಕೆ ಹಸಿ ಪ್ಯಾಪ್ರಿಕಾ ಇಟ್ಟರಂತೆ. ತಿನ್ನಲು ಮನಸ್ಸಾಗದೆ ಅದನ್ನು ಲ್ಯಾಬಿಗೆ ಒಯ್ದರಂತೆ. ಅವರೇ ಹೇಳಿಕೊಂಡ ಕಥೆ ಇದು. ಹಣ್ಣಿನ ತುಂಬ ವಿಟಮಿನ್ ಸಿ! ಅಲ್ಲಿಂದ ಕಿಲೋ ಲೆಕ್ಕದಲ್ಲಿ ತೆಗೆದರು. 1937ರಲ್ಲಿ ನೊಬೆಲ್ ಬಂತು.

ನನಗೆ ರೋಮಾಂಚನ ಆಗುವುದು ಇಲ್ಲಿ. ದೇಹ ಕೊಲಾಜೆನ್ ಹುರಿ ಹಾಕಬೇಕಾದರೆ ವಿಟಮಿನ್ ಸಿ ಬೇಕೇ ಬೇಕು. ಅದರ ನೆರವಿನಿಂದ ಎಳೆಯಲ್ಲಿರುವ ಪ್ರೋಲಿನ್ ಎಂಬ ಅಮೈನೋ ಆಮ್ಲ ಹೈಡ್ರಾಕ್ಸಿಪ್ರೋಲಿನ್ ಆಗಿ ಬದಲಾಗುತ್ತದೆ, ಹುರಿ ಬಿಗಿಯಾಗುತ್ತದೆ. ವಿಟಮಿನ್ ಇಲ್ಲದಿದ್ದರೆ ದೇಹದ 37 ಡಿಗ್ರಿಗೇ ಹುರಿ ಬಿಚ್ಚಿಕೊಳ್ಳುತ್ತದೆ. ಹಿಂದೆ ಹಡಗಿನವರನ್ನು ಕಾಡಿದ ಸ್ಕರ್ವಿ ರೋಗದಲ್ಲಿ ವಸಡು ಒಡೆದು ರಕ್ತ ಬರುತ್ತಿದ್ದುದು, ವಾಸಿಯಾದ ಗಾಯ ಮತ್ತೆ ಬಿಚ್ಚಿಕೊಳ್ಳುತ್ತಿದ್ದುದು ಇದಕ್ಕೇ. ತಣ್ಣೀರಿನ ಮೀನಿನ ಕೊಲಾಜೆನ್‌ನಲ್ಲಿ ಹೈಡ್ರಾಕ್ಸಿಪ್ರೋಲಿನ್ ಕಡಿಮೆ. ಹಾಗಾಗಿ ಅದು ಕಡಿಮೆ ಬಿಸಿಗೇ ಕರಗುತ್ತದೆ, ಮೀನು ನಿಮಿಷಗಳಲ್ಲಿ ಬೇಯುತ್ತದೆ. ಕುರಿ, ದನ ತಮಗೆ ಬೇಕಾದ ವಿಟಮಿನ್ ಸಿಯನ್ನು ತಾವೇ ಮಾಡಿಕೊಳ್ಳುತ್ತವೆ. ಅದರ ಬಲದಿಂದ ಕಟ್ಟಿಕೊಂಡ ಹುರಿಯನ್ನೇ ನಾವು ಮೂರು ಗಂಟೆ ಕೂತು ಬಿಚ್ಚುವುದು.

ಹಾಗಂತ ಗುಲಾಶ್ ಕುಡಿದರೆ ವಿಟಮಿನ್ ಸಿ ಸಿಗುತ್ತದೆ ಅಂದುಕೊಳ್ಳಬೇಡಿ. ಪ್ಯಾಪ್ರಿಕಾ ಒಣಗಿಸುವಾಗ ಒಂದಷ್ಟು ಹೋಗಿರುತ್ತದೆ, ಉಳಿದದ್ದರಲ್ಲಿ ಬಹುಪಾಲು ಗಂಟೆಗಟ್ಟಲೆ ಬೇಯುವಾಗ ಹಾಳಾಗುತ್ತದೆ. ಜೆಲಾಟಿನ್ ಇರುವ ಸೂಪು ಕುಡಿದರೆ ಅದು ನೇರ ಮೊಣಕಾಲಿಗೆ ಹೋಗಿ ಕೂರುತ್ತದೆ ಅನ್ನುವುದೂ ಸುಳ್ಳು. ಹೊಟ್ಟೆಗೆ ಎಲ್ಲ ಪ್ರೋಟೀನೂ ಒಂದೇ. ಚೂರುಚೂರು ಮಾಡಿ ಅರಗಿಸುತ್ತದೆ. ಕೀಲು ನೋವಿದ್ದವರು ಡಾಕ್ಟರ್ ಹತ್ತಿರ ಹೋಗಲಿ. ಸೂಪನ್ನು ರುಚಿಗೆ ಕುಡಿಯಲಿ.

ಉಳಿದದ್ದು ಸುಲಭ. ಬೆಳ್ಳುಳ್ಳಿ, ಉಪ್ಪು ಮತ್ತು ಕ್ಯಾರವೇ ಕಾಳನ್ನು ಮಾಂಸದ ಜೊತೆಗೇ ಹಾಕಿ. ಕ್ಯಾರವೇ ಇಲ್ಲದಿದ್ದರೆ ಸ್ವಲ್ಪ ಶಾಜೀರಿಗೆ ನಡೆಯುತ್ತದೆ. ಆಲೂಗಡ್ಡೆ, ಕ್ಯಾರೆಟ್ ಕೊನೆಯ ಅರ್ಧ ಗಂಟೆಗೆ ಸಾಕು. ಟೊಮೆಟೊ ಹಾಕುವುದಾದರೆ ಆಲೂಗಡ್ಡೆ ಬೆಂದ ಮೇಲೆ ಹಾಕಿ. ಹುಳಿ ಸೇರಿದರೆ ತರಕಾರಿಯನ್ನು ಅಂಟಿನ ಹಾಗೆ ಹಿಡಿದಿಟ್ಟಿರುವ ಪೆಕ್ಟಿನ್ ಬೇಗ ಕರಗುವುದಿಲ್ಲ, ಆಲೂಗಡ್ಡೆ ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಮೈದಾಗೆ ಮೊಟ್ಟೆ, ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ, ಕಡಲೆಕಾಳಿನಷ್ಟು ಚಿವುಟಿ ಚಿವುಟಿ ಕುದಿಯುವ ಸೂಪಿಗೆ ಹಾಕಿದರೆ ಅದೇ ಚಿಪೆಟ್ಕೆ. ಮೇಲೆ ತೇಲಿ ಬಂದ ಮೇಲೆ ಇನ್ನೂ ಎರಡು ಮೂರು ನಿಮಿಷ ಬಿಟ್ಟು ಇಳಿಸಿ, ಬಿಸಿ ಇರುವಾಗಲೇ ಬ್ರೆಡ್ ಜೊತೆ ಬಡಿಸಿ.