ಕೈರೋಪ್ರಾಕ್ಟಿಕ್ ಅಂದರೆ ಏನು? ಬೆನ್ನಿನ ಆ ‘ಲಟಕ್’ ಸದ್ದು ಯಾತರದು?

ಮೊಬೈಲ್‌ನಲ್ಲಿ ಈ ವಿಡಿಯೋ ನಿಮಗೂ ಬಂದಿರುತ್ತೆ. ಒಬ್ಬರು ಬೋರಲು ಮಲಗಿದ್ದಾರೆ. ಇನ್ನೊಬ್ಬರು ಅವರ ಬೆನ್ನಿನ ಮೇಲೆ ಅಂಗೈ ಊರಿ ಒಮ್ಮೆಲೇ ಒತ್ತುತ್ತಾರೆ. ಲಟಲಟ ಸದ್ದು. ಅದು ಜೋರಾಗಿ ಕೇಳಲಿ ಅಂತ ಪಕ್ಕದಲ್ಲೇ ಮೈಕ್ ಬೇರೆ! ಹೀಗೆ ಬೆನ್ನುಮೂಳೆಯ ಮತ್ತು ಬೇರೆ ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವು ಕಡಿಮೆ ಮಾಡುವ ಪದ್ಧತಿಗೆ ಕೈರೋಪ್ರಾಕ್ಟಿಕ್ ಎನ್ನುತ್ತಾರೆ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ.

ಇದು ಶುರುವಾಗಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ. ಶುರು ಮಾಡಿದ ಡಿ. ಡಿ. ಪಾಮರ್ ವೈದ್ಯರಲ್ಲ. ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿ ಮಾಡುತ್ತೇನೆ ಎನ್ನುತ್ತಿದ್ದವರು. ಹಾರ್ವಿ ಲಿಲ್ಲಾರ್ಡ್ ಎಂಬ ಕಿವಿ ಕೇಳಿಸದ ಕೆಲಸಗಾರನ ಬೆನ್ನುಮೂಳೆ ಒತ್ತಿದೆ, ಅವನಿಗೆ ಕೇಳಿಸತೊಡಗಿತು ಎಂಬುದು ಅವರ ಕಥೆ. ಕಿವಿಯ ನರ ಬೆನ್ನಿನ ಕಡೆಗೆ ಹೋಗುವುದೇ ಇಲ್ಲ, ತಲೆಬುರುಡೆಯೊಳಗೇ ಇರುತ್ತೆ. ಆದರೂ ಕಥೆ ಉಳಿದುಕೊಂಡಿತು. 1897ರಲ್ಲಿ ಪಾಮರ್ ಇದನ್ನು ಕಲಿಸುವ ಶಾಲೆ ತೆರೆದರು. ಲೈಸೆನ್ಸ್ ಇಲ್ಲದೆ ಚಿಕಿತ್ಸೆ ಕೊಟ್ಟಿದ್ದಕ್ಕೆ 1906ರಲ್ಲಿ ಜೈಲಿಗೂ ಹೋದರು. 1913ರಲ್ಲಿ ಕಾನ್ಸಾಸ್ ರಾಜ್ಯ ಈ ವೃತ್ತಿಗೆ ಕಾನೂನು ಮಾಡಿತು. ಈಗ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದಕ್ಕೆ ಲೈಸೆನ್ಸ್ ಇದೆ.

ಬೆನ್ನಿನ ಮೂಳೆ ಸ್ವಲ್ಪ ಜರುಗಿದರೆ ನರ ಒತ್ತಿಹೋಗುತ್ತೆ, ಹೆಚ್ಚುಕಡಿಮೆ ಎಲ್ಲ ರೋಗಗಳಿಗೂ ಅದೇ ಮೂಲ ಎಂದು ಪಾಮರ್ ನಂಬಿದ್ದರು. ಆ ‘ಜರುಗುವಿಕೆ’ಗೆ ಅವರು ಕೊಟ್ಟ ಹೆಸರು ಸಬ್‌ಲಕ್ಸೇಶನ್. ಇದಕ್ಕೆ ಪುರಾವೆ ಇಲ್ಲ. ಬ್ರಿಟನ್ನಿನಲ್ಲಿ ಈ ವೃತ್ತಿಯನ್ನು ನಿಯಂತ್ರಿಸುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ಲೇ 2010ರಲ್ಲಿ ಹಾಗೆ ಹೇಳಿತು. ಆದ್ದರಿಂದ ಸಕ್ಕರೆ ಕಾಯಿಲೆ, ಆಸ್ತಮಾ, ಮಕ್ಕಳ ಕಿವಿಸೋಂಕು ಎಲ್ಲವನ್ನೂ ಬೆನ್ನು ಒತ್ತಿ ಗುಣಪಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ.

ಹಾಗಾದರೆ ಆ ಸದ್ದು? ಮೂಳೆ ತನ್ನ ಜಾಗಕ್ಕೆ ಕೂತ ಸದ್ದಂತೂ ಅಲ್ಲ. ಕೀಲಿನೊಳಗೆ ಎಣ್ಣೆಯಂಥ ದ್ರವ ಇರುತ್ತೆ. ಕೀಲನ್ನು ತಟ್ಟನೆ ಎಳೆದಾಗ ಒಳಗಿನ ಒತ್ತಡ ಇಳಿಯುತ್ತೆ. ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ, ದ್ರವದಲ್ಲಿ ಕರಗಿದ್ದ ಗಾಳಿ ಹೊರಬಂದು ಅಲ್ಲೊಂದು ಟೊಳ್ಳು ಏಳುತ್ತೆ, ಸದ್ದು ಬರೋದು ಆಗಲೇ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳು ಎಳೆಯುವಾಗಲೇ ಎಂಆರ್‌ಐ ತೆಗೆದು ಇದನ್ನು ನೋಡಿದರು. ಬೆರಳಿನ ನೆಟಿಗೆ ಮುರಿದ ಕೂಡಲೇ ಅದೇ ಬೆರಳನ್ನು ಮತ್ತೆ ಮುರಿದರೆ ಸದ್ದು ಬರಲ್ಲ, ಅಲ್ವಾ? ಕೀಲು ಮೊದಲಿನ ಸ್ಥಿತಿಗೆ ಬರಲು ಒಂದಿಷ್ಟು ಹೊತ್ತು ಬೇಕು. ಸದ್ದು ಬರದಿದ್ದರೆ ಚಿಕಿತ್ಸೆ ಕೆಟ್ಟಿತು ಎಂದೂ ಅಲ್ಲ. ‘ಡಿಸ್ಕ್ ಜಾರಿದೆ, ಒಂದೇ ಏಟಿಗೆ ಒಳಗೆ ತಳ್ಳುತ್ತೇನೆ’ ಎನ್ನುವುದೂ ಸುಮ್ನೆ ಮಾತು. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದ ಡಿಸ್ಕ್ ಹಾಗೆ ಒಳಗೆ ಹೋಗಲ್ಲ.

ನೋವಿಗಾದರೂ ಉಪಯೋಗ ಇದೆಯಾ? ಸೊಂಟ ನೋವಿಗೆ ಸ್ವಲ್ಪ ಇದೆ. ಅಲ್ಲಿನ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಸೊಂಟ ನೋವಿಗೆ ಮೊದಲು ಮಾತ್ರೆಯಲ್ಲದ ದಾರಿ ನೋಡಿ ಎಂದಿತು. ಹೊಸ ನೋವಿಗೆ ಬಿಸಿ ಶಾಖ, ಮಸಾಜ್, ಅಕ್ಯುಪಂಕ್ಚರ್ ಜೊತೆ ಬೆನ್ನು ಒತ್ತುವ ಚಿಕಿತ್ಸೆಯನ್ನೂ ಸೇರಿಸಿತು. ಹೆಚ್ಚಿನವರಿಗೆ ನೋವು ಏನು ಮಾಡಿದರೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಇಳಿಯುತ್ತೆ ಎಂದೂ ಹೇಳಿತು. ವರ್ಷವಿಡೀ ಬನ್ನಿ ಎಂದು ಪ್ಯಾಕೇಜ್ ಮಾರುವವರಿಗೆ ಆ ಎರಡನೇ ಮಾತು ನೆನಪಿರಲ್ಲ.

ಇದರ ಜೊತೆ ಕೇಳಿಬರುವ ಸಾಫ್ಟ್ ಟಿಶ್ಯೂ ಚಿಕಿತ್ಸೆ ಬೇರೆ. ಅದು ಕೀಲನ್ನು ಎಳೆಯುವುದಲ್ಲ, ಸುತ್ತಲಿನ ಸ್ನಾಯು, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್ ಮತ್ತು ಸ್ನಾಯುವಿನ ಮೇಲಿನ ತೆಳು ಪೊರೆಯನ್ನು ನೀವುವುದು. ಬಿಗಿಯಾದ ಸ್ನಾಯುವಿನಲ್ಲಿ ಮುಟ್ಟಿದರೆ ನೋಯುವ ಗಂಟಿನಂಥ ಜಾಗಕ್ಕೆ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಅಮೆರಿಕದ ಅಧ್ಯಕ್ಷ ಕೆನಡಿಯ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಈ ವಿಚಾರವನ್ನು ಜನಪ್ರಿಯ ಮಾಡಿದರು. ಆ ಗಂಟಿನ ಒಳಗೆ ನಿಜಕ್ಕೂ ಏನಾಗುತ್ತೆ ಎಂಬುದರ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಒಳ್ಳೆ ಕೈ ನೀವಿದರೆ ಸ್ವಲ್ಪ ದಿನ ಹಗುರಾಗುತ್ತೆ, ಆ ಬಿಡುವಿನಲ್ಲಿ ವ್ಯಾಯಾಮ ಶುರು ಮಾಡಿದರೆ ಲಾಭ ಜಾಸ್ತಿ.

ನಮ್ಮ ಕಡೆ ಇದು ಪೂರ್ತಿ ಹೊಸತೇನಲ್ಲ. ಉಳುಕು ತೆಗೆಯುವವರು ಊರೂರಲ್ಲಿ ಇದ್ದರು. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟದ ಉಳುಕು ಹೋಗುತ್ತೆ ಅಂತ ನಂಬಿಕೆಯೂ ಇದೆ. ಇಂಥವುಗಳಲ್ಲಿ ಅಪಾಯದ್ದು ಕಟಿಂಗ್ ಶಾಪಿನ ಕುತ್ತಿಗೆ ನೆಟಿಗೆ. ಕುತ್ತಿಗೆ ಮೂಳೆಗಳ ಮೂಲಕ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ತಟ್ಟನೆ ತಿರುವಿದಾಗ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆಗುತ್ತೆ. ಕಲಿತ ಕೈರೋಪ್ರಾಕ್ಟರ್ ಮಾಡಿದರೂ ಈ ಅಪಾಯ ಪೂರ್ತಿ ಇಲ್ಲ ಎನ್ನಲಾಗದು. ನನ್ನನ್ನು ಕೇಳಿದರೆ ಕುತ್ತಿಗೆಯನ್ನು ಯಾರ ಕೈಗೂ ತಟ್ಟನೆ ತಿರುವಲು ಕೊಡಬೇಡಿ.

ಮೂಳೆ ಟೊಳ್ಳಾಗಿ ದುರ್ಬಲವಾದವರು (ಆಸ್ಟಿಯೋಪೊರೋಸಿಸ್), ಕ್ಯಾನ್ಸರ್ ಬಂದಿದ್ದವರು, ಬಿದ್ದು ಪೆಟ್ಟಾದವರು ಮೊದಲು ವೈದ್ಯರಿಗೆ ತೋರಿಸಬೇಕು. ನೋವಿನ ಜೊತೆ ಜ್ವರ ಇದ್ದರೂ ಅಷ್ಟೇ. ಕಾಲಲ್ಲಿ ಶಕ್ತಿ ಇಳಿದರೆ, ತೊಡೆಯ ಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನು ಸಾಧಾರಣ ಸೊಂಟ ನೋವಿಗೆ ಹತ್ತಿರದ ಫಿಸಿಯೋಥೆರಪಿಸ್ಟ್ ಸಾಕು. ಕೀಲು ಒತ್ತುವುದು, ಸ್ನಾಯು ನೀವುವುದು ಅವರಿಗೂ ಬರುತ್ತೆ, ವ್ಯಾಯಾಮವನ್ನೂ ಅವರೇ ಹೇಳಿಕೊಡುತ್ತಾರೆ.