ಚೇಗು ಕಟ್ಟದ ತೂಬರೆ

ತುಮಕೂರು ಜಿಲ್ಲೆಯ ಕುರುಚಲು ಗುಡ್ಡಗಳಲ್ಲಿ ಬೇಸಿಗೆಗೆ ಹಳದಿಯಾಗುವ ತೂಬರೆ ಹಣ್ಣನ್ನು ತಿಂದು ಬೆಳೆದವರು ಬಹಳ ಮಂದಿ ಇದ್ದಾರೆ. ಆದರೆ ಆ ಮರವೂ ಕಪ್ಪು ಮರಕ್ಕೆ ಹೆಸರಾದ ಎಬೊನಿಯ ಕುಲಕ್ಕೇ ಸೇರಿದ್ದು, ಅದರೊಳಗೂ ಕರಿ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಮರ, ಕಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ವಿರಳ.

ಡಯಾಸ್ಪೈರಸ್ ಎಂಬ ಈ ಕುಲದ ಪ್ರಭೇದಗಳಲ್ಲಿ ಮರದ ವ್ಯಾಪಾರಿಗಳು ಸಿಲೋನ್ ಎಬೊನಿ ಎನ್ನುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕರಿಮರವನ್ನು. ಒಣ ಕಾಡಿನ ತೂಬರೆಗೆ ಕೋರಮಂಡಲ ಎಬೊನಿ ಎಂಬ ಹೆಸರಿದ್ದು, ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ 1795ರಲ್ಲಿ ಅದನ್ನು ವಿವರಿಸಿದರು. ಮನೆಗೆ ತಂದರೆ ಜಗಳವಾಗುತ್ತದೆಂದು ಹಳ್ಳಿಗರು ಸೌದೆಗೂ ಮುಟ್ಟಲು ಹಿಂಜರಿಯುವ ಜಗಳಗಂಟಿಯೂ ಇದೇ ಕುಲದ್ದು.

ತೂಬರೆಯ ತೊಗಟೆ ಸುಟ್ಟಂತೆ ಕಪ್ಪಗಿದ್ದು ಚೌಕ ಚೌಕವಾಗಿ ಬಿರಿದಿರುತ್ತದೆ. ಅದರ ಕೆಳಗಿನ ಮರ ಮಾತ್ರ ಮಾಸಲು ಗುಲಾಬಿ. ಕಾಂಡದ ನಡುವಿನ ಜೀವಕೋಶಗಳು ಸಾಯುತ್ತ ಹೋದಂತೆ ಕಪ್ಪು ಅಂಟಿನಂಥ ವಸ್ತು ನೀರುಗೊಳವೆಗಳನ್ನು ತುಂಬುತ್ತದೆ, ಹೀಗೆ ಚೇಗು ಕಟ್ಟುತ್ತದೆ. ಕರಿಮರದ ಚೇಗಂತೂ ನೀರಿನಲ್ಲಿ ಮುಳುಗುವಷ್ಟು ಭಾರ. ತೂಬರೆಯಲ್ಲಿ ಈ ಕಪ್ಪು ಅಂಕುಡೊಂಕಾಗಿ ಹರಡಿರುತ್ತದೆ, ಬಲಿತ ಕಾಂಡದಲ್ಲಷ್ಟೇ ಬಳಕೆಗೆ ಸಾಲುವಷ್ಟು ಸಿಗುತ್ತದೆ.

ಹದಿನೇಳನೆಯ ಶತಮಾನದಲ್ಲಿ ಐರೋಪ್ಯ ಕಂಪನಿಗಳು ಈ ಕಪ್ಪಿಗೆ ಮುಗಿಬಿದ್ದವು. ಕೋರಮಂಡಲ ಕರಾವಳಿಯ ಬಡಗಿಗಳು ಕೆತ್ತಿದ ಎಬೊನಿ ಕುರ್ಚಿಗಳು ಇಂಗ್ಲೆಂಡಿಗೆ ಹೋದವು. ಮುಂದಿನ ಶತಮಾನದಲ್ಲಿ ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ ಅಂಥವನ್ನು ಇಂಗ್ಲೆಂಡಿನದೇ ಟ್ಯೂಡರ್ ಅರಸರ ಕಾಲದ ಪೀಠೋಪಕರಣವೆಂದು ನಂಬಿ ಕೊಂಡರು. ಕೆತ್ತಿದ ಕೈಗಳ ಊರೇ ಮರೆತುಹೋಗಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಬಳಿಕ ಪಿಯಾನೋದ ಕಪ್ಪು ಮನೆಗಳಿಗೂ ಪಿಟೀಲಿನ ಬೆರಳುಪಟ್ಟಿಗೂ ಎಬೊನಿ ಬೇಕಾಯಿತು. ಅದರ ಬೆಲೆ ಎಟುಕದವರು ಟ್ಯಾನಿನ್ ಎಂಬ ಸಸ್ಯಗಳ ಒಗರು ವಸ್ತುವಿಗೆ ಕಬ್ಬಿಣದ ಲವಣ ಬೆರೆಸಿ ಅಗ್ಗದ ಮರಕ್ಕೆ ಅದೇ ಬಣ್ಣ ಕೊಟ್ಟರು. ಕರಿಮರದ ದಿಮ್ಮಿಗಳ ರಫ್ತನ್ನು ಭಾರತ, ಶ್ರೀಲಂಕಾ ಎರಡೂ ನಿಷೇಧಿಸಿವೆ. ಮಡಗಾಸ್ಕರಿನ ಎಬೊನಿ ಮರಗಳು 2013ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದವು.

ತೂಬರೆಯ ಕಥೆ ಬೇರೆ. ಅದಕ್ಕೆ ಬೆಲೆ ಬಂದದ್ದು ಎಲೆಯಿಂದ. ತುಮಕೂರಿನ ಮನೆಗಳಲ್ಲಿ ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ದಾರ ಕಟ್ಟುವ ಬೀಡಿ ಎಲೆ ಈ ಮರದ್ದೇ. ಎಲೆಯ ದೊಡ್ಡ ಸುಗ್ಗಿ ಮಧ್ಯ ಭಾರತದಲ್ಲಿ ನಡೆಯುತ್ತದೆ. ಮಧ್ಯಪ್ರದೇಶ 1964ರಲ್ಲಿ ಕಾನೂನು ಮಾಡಿ ಅದರ ವ್ಯಾಪಾರವನ್ನು ಸರ್ಕಾರದ ಹಿಡಿತಕ್ಕೆ ತೆಗೆದುಕೊಂಡಿತು, 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿತು. ಮೆತ್ತನೆಯ, ಅಗಲವಾದ ಎಲೆ ಎಳೆ ಚಿಗುರಿನಲ್ಲಿ ಬರುವುದರಿಂದ ಬೇಸಿಗೆಗೆ ಮುನ್ನ ಪೊದೆಗಳನ್ನು ಬುಡಮಟ್ಟಕ್ಕೆ ಸವರುತ್ತಾರೆ. ಪದೇ ಪದೇ ಸವರಿದ ಗಿಡಕ್ಕೆ ಕಾಂಡವೇ ಇರುವುದಿಲ್ಲ. ಕಾಂಡವಿಲ್ಲದೆ ಚೇಗು ಎಲ್ಲಿಂದ ಬರಬೇಕು?

ನಮ್ಮ ಬಯಲುಸೀಮೆಯ ಗುಡ್ಡಗಳಲ್ಲಿ ಅದೇ ಕೆಲಸವನ್ನು ಸೌದೆಯ ಕೊಡಲಿ, ಮೇಯುವ ದನ ಮತ್ತು ಬೇಸಿಗೆಯ ಕಾಳ್ಗಿಚ್ಚು ಮಾಡುತ್ತವೆ. ಕಡಿದರೂ ಸುಟ್ಟರೂ ಬೇರಿನಿಂದ ಮತ್ತೆ ಚಿಗುರುವ ಗುಣವಿರುವುದರಿಂದ ತೂಬರೆ ಅಳಿದಿಲ್ಲ. ಆಳೆತ್ತರದ ಪೊದೆಯಾಗಿ ನಿಂತಿದೆ. ಹೊಸದಾಗಿ ಸಸಿ ನೆಡುವುದಕ್ಕಿಂತ, ಈಗಾಗಲೇ ಬೇರೂರಿದ ಬುಡದಲ್ಲಿ ನೆಟ್ಟಗಿರುವ ಒಂದು ಚಿಗುರನ್ನು ಬಿಟ್ಟು ಉಳಿದವನ್ನು ಸವರಿ, ಸುತ್ತಲಿನ ಒಣಹುಲ್ಲನ್ನು ಬೇಸಿಗೆಗೆ ಮುಂಚೆಯೇ ತೆಗೆಯುವುದು ಮೇಲೆಂದು ನನ್ನ ಅಭಿಪ್ರಾಯ. ಹಾಗೆ ಬಿಟ್ಟ ಕಾಂಡ ಬಲಿಯಲು ದಶಕಗಳೇ ಬೇಕು, ಹಣ್ಣು ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಸಿಗುತ್ತದೆ.