ಕೆಂಪು ಎಲ್ಲೂ ಹೋಗಿಲ್ಲ

ಇಪ್ಪತ್ತೈದು ವರ್ಷ ಬಿಸಿಲಲ್ಲೇ ನಿಂತ ಕೆಂಪು ಮಾರುತಿ 800 ನೋಡಿದ್ದೀರಾ? ಬಾನೆಟ್ ಮೇಲೆ ಕೈಯಾಡಿಸಿದರೆ ಸೀಮೆಸುಣ್ಣದ ಹಾಗೆ ಪುಡಿ ಹತ್ತುತ್ತದೆ. ಕೆಂಪು ಹೋಗಿ ಪೇಲವ ಗುಲಾಬಿ. "ಬಣ್ಣ ಪೂರ್ತಿ ಹೋಯ್ತು, ಹೊಸದಾಗಿ ಹೊಡೆಸಿ" ಅಂತಾರೆ ನೋಡಿದವರೆಲ್ಲ. ಇದನ್ನು ನಾನು ಒಪ್ಪಲ್ಲ. ಮೇಲುಮೇಲಿನ ಬಣ್ಣದ ಕಣ ಒಂದಿಷ್ಟು ಬಿಸಿಲಿಗೆ ಕೆಟ್ಟಿರುತ್ತವೆ, ನಿಜ. ಉಳಿದ ಕೆಂಪೆಲ್ಲ ಅಲ್ಲೇ ಇದೆ.

ಕಲ್ಲುಸಕ್ಕರೆ ನೆನೆಸಿಕೊಳ್ಳಿ. ಗಾಜಿನ ಹಾಗಿರುತ್ತದೆ. ಕುಟ್ಟಿದರೆ ಬಿಳಿ ಪುಡಿ! ಬಿಳಿ ಬಣ್ಣ ಯಾರೂ ಬೆರೆಸಲಿಲ್ಲ. ಒಂದೊಂದು ಚೂರಿನ ಅಂಚಿಗೂ ತಾಗಿ ಬೆಳಕು ಎಲ್ಲ ಕಡೆ ಚೆದುರಿತು, ಅಷ್ಟೇ. ಪೇಂಟಿನಲ್ಲಿ ಬಣ್ಣದ ಕಣಗಳನ್ನು ರಾಳ ಹಿಡಿದಿಟ್ಟಿರುತ್ತದೆ. ಬಿಸಿಲಿನ ನೇರಳಾತೀತ ಕಿರಣ ಆ ರಾಳದ ಸರಪಳಿಗಳನ್ನು ಕತ್ತರಿಸುತ್ತದೆ. ಗಾಳಿ, ತೇವ ಅದಕ್ಕೆ ಕೈಜೋಡಿಸುತ್ತವೆ. ಮೇಲ್ಮೈ ಕಲ್ಲುಸಕ್ಕರೆ ಪುಡಿಯಂತಾಗುತ್ತದೆ. ಒಳಗಿನ ಕೆಂಪನ್ನು ಮುಟ್ಟುವ ಮೊದಲೇ ಬೆಳಕು ಚೆದುರಿಬಿಡುತ್ತದೆ.

ಹಳೇ ಮನೆಯ ರೆಡ್ ಆಕ್ಸೈಡ್ ನೆಲಕ್ಕೆ ಕೊಬ್ಬರಿ ಎಣ್ಣೆ ಒರೆಸಿದರೆ ಕೆಂಪು ಉಕ್ಕಿ ಬರುತ್ತದೆ, ಅಲ್ವಾ? ಮಳೆಗೆ ನೆಂದ ಕಲ್ಲಿನ ಬಣ್ಣ ಗಾಢವಾಗುತ್ತದೆ. ಎರಡೂ ಒಂದೇ ಕತೆ. ಒಂದು ವಸ್ತು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆಗೆ ವಕ್ರೀಭವನ ಸೂಚ್ಯಂಕ ಅಂತಾರೆ. ಗಾಳಿಯದು 1, ರಾಳದ್ದು ಸುಮಾರು 1.5, ಎಣ್ಣೆಯದೂ ಅದರ ಹತ್ತಿರವೇ. ಬಿರುಕಿಗೆ ಎಣ್ಣೆ ಇಳಿದರೆ ಬೆಳಕಿಗೆ ಬಿರುಕೇ ಗೊತ್ತಾಗುವುದಿಲ್ಲ, ನೇರ ಒಳಗೆ ಹೋಗುತ್ತದೆ. ಸೀಮೆಎಣ್ಣೆ, ಡೀಸೆಲ್ ಒರೆಸಿ "ಬಣ್ಣಕ್ಕೆ ಜೀವ ಬಂತು" ಅನ್ನುವವರು ನೋಡುವುದು ಇದನ್ನೇ. ಜೀವ ಬಂದಿಲ್ಲ, ಬಿರುಕು ತುಂಬಿದೆ. ಸೀಮೆಎಣ್ಣೆ ಆರಿದ ಮೇಲೆ ಮತ್ತೆ ಗುಲಾಬಿ. ಜೊತೆಗೆ ಕಿಟಕಿಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ದಯವಿಟ್ಟು ಇದನ್ನು ಮಾಡಬೇಡಿ.

ಪುಡಿಯಾದ ಪದರವನ್ನು ಉಜ್ಜಿ ತೆಗೆಯುವುದೇ ಸರಿಯಾದ ದಾರಿ. ಈ ಉಜ್ಜುವಿಕೆಗೆ ನೂರು ವರ್ಷದ ಇತಿಹಾಸವಿದೆ. ಮೊದಲು ಬಹಳಷ್ಟು ಕಾರುಗಳಿಗೆ ಬಣ್ಣ ಬಳಿದು ಒಣಗಿಸಲು ವಾರಗಟ್ಟಲೆ ಬೇಕಿತ್ತು. 1923ರಲ್ಲಿ ಡುಪಾಂಟ್ ಕಂಪನಿಯ ಡ್ಯುಕೊ ಅನ್ನುವ ಪೇಂಟ್ ಬಂತು, ಕೆಲವೇ ಗಂಟೆಗಳಲ್ಲಿ ಒಣಗುವ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಅದು ಮಂಕಾಗಿ ಒಣಗುತ್ತಿತ್ತು. ಕಾರ್ಖಾನೆಯಲ್ಲೇ ಉಜ್ಜಿ ಹೊಳಪು ತರಿಸುತ್ತಿದ್ದರು.

ಉಜ್ಜುವ ಮೊದಲು ಒಂದು ಪರೀಕ್ಷೆ. ಬಿಳಿ ಬಟ್ಟೆಗೆ ರಬ್ಬಿಂಗ್ ಕಾಂಪೌಂಡ್ (ಪೇಂಟ್ ಉಜ್ಜುವ ತರಿ ಪೇಸ್ಟ್) ಹಚ್ಚಿ ಮೂಲೆಯಲ್ಲಿ ಉಜ್ಜಿ. ಬಟ್ಟೆ ಕೆಂಪಾದರೆ ಬಣ್ಣವೇ ಮೇಲಿನ ಪದರ, ಉಳಿಸಬಹುದು. ಕೆಂಪಾಗದಿದ್ದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇದೆ. ಅದು ಹಪ್ಪಳದ ಹಾಗೆ ಎದ್ದು ಬರುತ್ತಿದ್ದರೆ ಯಾವ ಪಾಲಿಶ್ ಕೂಡ ಉಪಯೋಗವಿಲ್ಲ, ಆ ಭಾಗಕ್ಕೆ ಮತ್ತೆ ಪೇಂಟ್ ಮಾಡಿಸಲೇಬೇಕು. ಜಾಸ್ತಿ ಉಜ್ಜಲೂ ಬೇಡಿ. ಬಣ್ಣದ ಅಡಿಯ ಪ್ರೈಮರ್ ಸೇರಿ ಎಲ್ಲ ಪದರ ಒಟ್ಟು 100 ಮೈಕ್ರಾನ್ ಆಸುಪಾಸು, ತಲೆಗೂದಲಿಗಿಂತ ಸ್ವಲ್ಪ ದಪ್ಪ. ಅಂಚುಗಳಲ್ಲಿ ಇನ್ನೂ ತೆಳು, ಅಲ್ಲಿಗೆ ಟೇಪ್ ಅಂಟಿಸಿ.

ಕಲ್ಲು ಸಿಡಿದ ಗುರುತಿಗೆ ಟಚ್ ಅಪ್ ಮಾಡುವುದು ಕೊನೆಗೆ. ಪಾಲಿಶ್‌ಗೆ ಮೊದಲೇ ಕಂಪನಿಯ ಬಣ್ಣದ ಕೋಡ್ ನೋಡಿ ಬಣ್ಣ ತಂದು ಹಚ್ಚಿದರೆ, ಗುಲಾಬಿ ನಡುವೆ ಕುಂಕುಮದ ಬೊಟ್ಟು ಇಟ್ಟಂತೆ ಎದ್ದು ಕಾಣುತ್ತದೆ. ಟ್ಯೂಬ್‌ಲೈಟಿನಲ್ಲಿ ಹೊಂದಿದ ಬಣ್ಣ ಬಿಸಿಲಿನಲ್ಲಿ ಬೇರೆಯಾಗಿ ಕಾಣಬಹುದು. ಹಾಗಾಗಿ ಹಗಲಿನಲ್ಲೇ ಹೋಲಿಸಿ. ಕಾರ್ಖಾನೆಯ ಕೆಂಪು ಹೇಗಿತ್ತು ಅಂತ ಗೊತ್ತಾಗಬೇಕಾದರೆ ಪೆಟ್ರೋಲ್ ಮುಚ್ಚಳ ತೆರೆದು ಒಳಬದಿ ನೋಡಿ. ಬಿಸಿಲು ಅಲ್ಲಿಗೆ ಹೋಗಿಲ್ಲ.